ಕಣ್ಣಾರೆ ಕಂಡವರು ಮೂವರು

ಹುಬ್ಬಳ್ಳಿ
೧೪ ಜುಲೈ ೨೦೨೫

ಶ್ರೀಮತಿ ಶಾರದಾಬಾಯಿ ಅವರಿಗೆ,

ನಿವೃತ್ತರ ನೆರವು ನಿಧಿಗೆ ಸಾಕ್ಷಿಯಾಗಲು ಒಪ್ಪಿದ್ದಕ್ಕೆ ವಂದನೆಗಳು. ನನ್ನ ಹೆಸರು ನಿರೀಕ್ಷಾ. ಕನ್ನಡದಲ್ಲಿ ಉತ್ತರ ಕೊಡುವ ಸಾಕ್ಷಿಗಳ ಪರಿಶೀಲನೆ ನನ್ನ ಕೆಲಸ.

ನಿಮ್ಮ ಪಕ್ಕದ ಮನೆಯ ಗೋದಾಬಾಯಿಯವರ ಆರೈಕೆಯ ಖರ್ಚನ್ನು ಈ ನಿಧಿ ನೋಡಿಕೊಳ್ಳುತ್ತದೆ. ಅವರ ಯಜಮಾನರ ಜೊತೆ ಬಾಲಾನಗರದ ಕಾರ್ಖಾನೆಗಳಲ್ಲಿ ದುಡಿದವರು ಸೇರಿ ಕಟ್ಟಿದ ನಿಧಿ ಇದು. ಇದರ ಹಣವನ್ನು ಯಾವ ಮನುಷ್ಯನೂ ಮುಟ್ಟುವುದಿಲ್ಲ. ಆರೈಕೆಗೆ ಬರುವ ಯಾದಮ್ಮನ ಸಂಬಳ, ಔಷಧಿ, ಡಾಕ್ಟರ ಭೇಟಿ, ಎಲ್ಲವನ್ನೂ ಒಂದು ಎಐ ಏಜೆಂಟ್ ತಾನೇ ತೀರ್ಮಾನಿಸಿ ಪಾವತಿ ಮಾಡುತ್ತದೆ. ಅದು ಮಾಡಿದ ಪಾವತಿ, ಸಾಕ್ಷಿಗಳು ಕೊಟ್ಟ ಉತ್ತರ ಎರಡೂ ಬ್ಲಾಕ್‌ಚೈನಿನಲ್ಲಿ ದಾಖಲಾಗುತ್ತವೆ. ಒಮ್ಮೆ ದಾಖಲಾದದ್ದನ್ನು ಅಳಿಸಲು ಏಜೆಂಟನ್ನು ನಡೆಸುವ ನಮ್ಮ ಕಂಪನಿಗೂ ಆಗುವುದಿಲ್ಲ.

ಆದರೆ ಏಜೆಂಟಿಗೆ ಕಣ್ಣಿಲ್ಲ. ಅದು ಮೂವರ ಮಾತನ್ನು ನಂಬಿ ನಡೆಯುತ್ತದೆ: ಕಿರಿಯ ಮಗ ವಿಜಯಕುಮಾರ, ಯಾದಮ್ಮ ಮತ್ತು ನೀವು. ಪ್ರತಿ ಸೋಮವಾರ ಮತ್ತು ಗುರುವಾರ ನಿಮ್ಮ ಫೋನಿಗೆ ಒಂದು ಪ್ರಶ್ನೆ ಬರುತ್ತದೆ. "ಇಂದು ಗೋದಾಬಾಯಿಯವರನ್ನು ಕಣ್ಣಾರೆ ನೋಡಿದಿರಾ? ಅವರು ಇದ್ದಾರೆಯೇ?" ಹೌದು ಅಥವಾ ಇಲ್ಲ ಒತ್ತಬೇಕು. ಇಬ್ಬರು ಹೌದು ಎಂದರೆ ಎಲ್ಲವೂ ಮುಂದುವರಿಯುತ್ತದೆ, ಬೀದರಿನಲ್ಲಿರುವ ಹಿರಿಯ ಮಗ ಸೂರ್ಯಕಾಂತ ಅವರಿಗೆ ತಾಯಿ ಕ್ಷೇಮ ಎಂದು ಸಂದೇಶ ಹೋಗುತ್ತದೆ. ಇಬ್ಬರು ಇಲ್ಲ ಎಂದರೆ ಪಾವತಿ ನಿಂತು, ಬಂಧುಗಳೆಲ್ಲರಿಗೂ ಸುದ್ದಿ ಹೋಗುತ್ತದೆ. ಉತ್ತರವೇ ಬಾರದಿದ್ದರೆ, ಹೋಗಿ ನೋಡಿ ಎಂದು ಅದೇ ಬಂಧುಗಳಿಗೆ ತಿಳಿಸುತ್ತದೆ.

ಒಂದು ನಿಯಮ. ನಾನು ನಿಮಗೆ ಫೋನ್ ಮಾಡುವಂತಿಲ್ಲ, ನಾವು ಭೇಟಿಯಾಗುವಂತಿಲ್ಲ. ಪರಿಶೀಲಿಸುವವರೂ ಸಾಕ್ಷಿಗಳೂ ಸಲಿಗೆ ಬೆಳೆಸಬಾರದೆಂದು ಎಲ್ಲವನ್ನೂ ಬರೆದೇ ತಿಳಿಸುವ ಪದ್ಧತಿ ಇದೆ. ದಯವಿಟ್ಟು ಸಹಕರಿಸಿ.

ನಿರೀಕ್ಷಾ

*

ಮೆಹದಿಪಟ್ಟಣಂ, ಹೈದರಾಬಾದ್
೧೭ ಜುಲೈ ೨೦೨೫

ನಿರೀಕ್ಷಾ ಅವರಿಗೆ,

ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ಹಾಜರಿ ಕೂಗಿದವಳು ನಾನು. ರಿಟೈರಾಗಿ ಸುಮ್ಮನೆ ಕೂತಿದ್ದವಳಿಗೆ ಈಗ ಒಬ್ಬಳೇ ಒಬ್ಬ ವಿದ್ಯಾರ್ಥಿನಿಯ ಹಾಜರಿ ತೆಗೆಯುವ ಕೆಲಸ ಕೊಟ್ಟಿದ್ದೀರಿ. ಅದೂ ಎಂಬತ್ತಾರು ದಾಟಿದ ವಿದ್ಯಾರ್ಥಿನಿ. ಆಗಲಿ.

ಇವತ್ತು ನಿಮ್ಮ ಪ್ರಶ್ನೆ ಬಂದಾಗ ನಾನು ಗೋದಕ್ಕನ ಮಂಚದ ಪಕ್ಕದಲ್ಲೇ ಇದ್ದೆ. ಅವರಿಗೆ ಕಿವಿ ಹೋಗಿದೆ, ಅದಕ್ಕೆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿ ಹೇಳಿದೆ. "ಏನ್ ಕೇಳಾಕತ್ತೈತಿ ಅದು? ನಾ ಸತ್ತೀನೋ ಇಲ್ಲೋ ಅಂತನಾ? ಮುದುಕಿ ಚಹಾದಾಗ ಸಕ್ರಿ ಕಮ್ಮಿ ಅಂತ ಜಗಳಾ ಮಾಡಾಕತ್ತಾಳ ಅಂತ ಬರಿ ಅದಕ್ಕ" ಅಂದರು. ನಿಮ್ಮ ಏಜೆಂಟಿನಲ್ಲಿ ಸಕ್ಕರೆಯ ವಿಷಯ ಬರೆಯಲು ಜಾಗವಿಲ್ಲ. ಹೌದು ಒತ್ತಿದೆ.

ನಮ್ಮ ಓಣಿಯಲ್ಲಿ ಹೊರಗೆ ಕಾಲಿಟ್ಟರೆ ಉರ್ದು, ಅಂಗಡಿಗೆ ಹೋದರೆ ತೆಲುಗು, ಈ ಎರಡು ಮನೆಗಳೊಳಗೆ ಮಾತ್ರ ಕನ್ನಡ. ಯಾದಮ್ಮ ತೆಲುಗಿನಲ್ಲಿ ಗದರುತ್ತಾಳೆ, ಗೋದಕ್ಕ ಕನ್ನಡದಲ್ಲಿ ತಿರುಗಿ ಗದರುತ್ತಾರೆ, ಇಬ್ಬರಿಗೂ ಎಲ್ಲವೂ ಅರ್ಥವಾಗುತ್ತದೆ. ವಿಜಯಕುಮಾರ ಅಪ್ಪನ ದಾರಿಯಲ್ಲೇ ಬಾಲಾನಗರಕ್ಕೆ ಹೋಗಿ ಬಂದು ಮಾಡುತ್ತಾನೆ, ಅವನ ಹೆಂಡತಿ ಅನುರಾಧಾಗೆ ಬ್ಯಾಂಕಿನ ಕೆಲಸ. ಸೂರ್ಯಕಾಂತನದು ಬೀದರಿನಲ್ಲಿ ಬಟ್ಟೆ ಅಂಗಡಿ. ಅವನ ಫೋನು ದಿನಾ ಬರುತ್ತದೆ, ಆದರೆ ತಾಯಿಗೆ ಕೇಳಿಸುವುದಿಲ್ಲ. ಫೋನಿನಲ್ಲಿ ಮುಖ ತೋರಿಸಿದರೆ ಗೋದಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ, ಫೋಟೋದೊಳಗಿನ ಮಂದಿಯ ಜೊತೆ ಮಾತಾಡುವುದಿಲ್ಲವಂತೆ. ಹಾಗಾಗಿ ನಿಮ್ಮ ಸಂದೇಶ ಬಂತೆಂದು ಅವನು ತುಂಬ ಖುಷಿಯಾಗಿದ್ದಾನೆ. ಇನ್ನು ಮೇಲೆ ಅದನ್ನು ನೋಡಿಯೇ ಅಂಗಡಿ ಬಾಗಿಲು ತೆಗೆಯುತ್ತೇನೆ ಎಂದು ತಮ್ಮನ ಹತ್ತಿರ ಹೇಳಿದನಂತೆ.

ಸಲಿಗೆ ಬೆಳೆಸಬಾರದೆಂದು ಬರೆದಿದ್ದೀರಿ. ನನ್ನ ಸ್ವಭಾವ ಗೊತ್ತಿಲ್ಲ ನಿಮಗೆ, ಪ್ರಯತ್ನ ಮಾಡುತ್ತೇನೆ.

ಶಾರದಾಬಾಯಿ

*

ಹುಬ್ಬಳ್ಳಿ
೨೫ ಆಗಸ್ಟ್ ೨೦೨೫

ಶಾರದಾಬಾಯಿ ಅವರಿಗೆ,

ಕಳೆದ ಗುರುವಾರ ನೀವು ಹೌದು ಎಂದು ಉತ್ತರಿಸಿದ್ದೀರಿ. ನಿಮ್ಮ ಫೋನ್ ದಾಖಲಿಸಿದ ಸ್ಥಳದ ಪ್ರಕಾರ ಆ ಉತ್ತರ ಬಂದದ್ದು ಲಿಂಗಂಪಲ್ಲಿ ರೈಲು ನಿಲ್ದಾಣದಿಂದ. ಗೋದಾಬಾಯಿಯವರು ಮೆಹದಿಪಟ್ಟಣದಲ್ಲಿ ಇದ್ದರು. ನೀವು ಅವರನ್ನು ಕಣ್ಣಾರೆ ಹೇಗೆ ನೋಡಿದಿರಿ ಎಂದು ತಿಳಿಸಬೇಕು.

ಇದು ಆರೋಪವಲ್ಲ, ಕೇಳುವುದು ನನ್ನ ಕರ್ತವ್ಯ.

ನಿರೀಕ್ಷಾ

*

ಮೆಹದಿಪಟ್ಟಣಂ
೨೭ ಆಗಸ್ಟ್ ೨೦೨೫

ನಿರೀಕ್ಷಾ ಅವರಿಗೆ,

ಆರೋಪವಲ್ಲ ಎಂದು ಬರೆದು ಆರೋಪ ಮಾಡುವುದನ್ನು ಎಲ್ಲಿ ಕಲಿತಿರಿ? ಇವತ್ತು ಚೌತಿ, ಓಣಿಯ ತುದಿಯಲ್ಲಿ ಗಣಪತಿ ಕೂರಿಸಿ ಮೈಕು ಹಾಕಿದ್ದಾರೆ. ಆ ಗದ್ದಲದಲ್ಲಿ ಕೂತು ನಿಮಗೆ ಉತ್ತರ ಬರೆಯುತ್ತಿದ್ದೇನೆ.

ಲಿಂಗಂಪಲ್ಲಿಗೆ ನನ್ನ ತಂಗಿಯನ್ನು ರೈಲು ಹತ್ತಿಸಲು ಹೋಗಿದ್ದೆ. ಅಲ್ಲಿಂದ ಯಾದಮ್ಮನಿಗೆ ಫೋನ್ ಮಾಡಿದೆ. ಹಿಂದಿನಿಂದ ಗೋದಕ್ಕ ಅನ್ನ ಮೆತ್ತಗಾಯಿತೆಂದು ಕೂಗಾಡುವುದು ಚೆನ್ನಾಗಿ ಕೇಳಿಸಿತು. ಆಮೇಲೆ ಹೌದು ಒತ್ತಿದೆ. ಅಷ್ಟು ಜೋರಾಗಿ ಬೈಯುವವರು ಇದ್ದಾರೋ ಇಲ್ಲವೋ ಎಂದು ಮತ್ತೆ ಕಣ್ಣಿನಿಂದ ನೋಡಬೇಕೇ? ಜೀವನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಸುಳ್ಳಿ ಎಂದಿದ್ದಾರೆ. ನನಗೆ ತುಂಬ ಬೇಜಾರಾಗಿದೆ, ಅದನ್ನೂ ನಿಮ್ಮ ಬ್ಲಾಕ್‌ಚೈನಿನಲ್ಲಿ ಹಾಕಿಕೊಳ್ಳಿ.

ಶಾರದಾಬಾಯಿ

*

ಹುಬ್ಬಳ್ಳಿ
೨ ಸೆಪ್ಟೆಂಬರ್ ೨೦೨೫

ಶಾರದಾಬಾಯಿ ಟೀಚರ್ ಅವರಿಗೆ,

ಕ್ಷಮಿಸಿ. ಕಾರಣ ಹೇಳದೆ ಪ್ರಶ್ನೆ ಮಾತ್ರ ಕೇಳಿದ್ದು ನನ್ನ ತಪ್ಪು.

ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಒಬ್ಬ ಅಜ್ಜನ ಸಾಕ್ಷಿಯೂ ಹೀಗೆಯೇ ಫೋನಿನಲ್ಲಿ ಧ್ವನಿ ಕೇಳಿ ಹೌದು ಎನ್ನುತ್ತಿದ್ದರು. ಅವರು ಪ್ರಾಮಾಣಿಕರೇ. ಆದರೆ ಅಜ್ಜ ತೀರಿಹೋಗಿದ್ದ. ಹಿಂದಿನಿಂದ ಕೆಮ್ಮಿ, ಮಾತಾಡಿ ನಂಬಿಸುತ್ತಿದ್ದವರು ಮನೆಯವರೇ. ಸುಮಾರು ಆರು ತಿಂಗಳು ಏಜೆಂಟ್ ಸತ್ತವನಿಗೆ ಔಷಧಿ ಕೊಳ್ಳುತ್ತಲೇ ಇತ್ತು. ಅದು ಎಷ್ಟು ಬುದ್ಧಿವಂತ ಯಂತ್ರವಾದರೂ ಅದರ ಕಿವಿಗೆ ಏನು ಬೀಳುತ್ತದೋ ಅದಷ್ಟೇ ಅದರ ಪ್ರಪಂಚ. ಅದಾದ ಮೇಲೆ ಪ್ರಶ್ನೆಯಲ್ಲಿ 'ಕಣ್ಣಾರೆ' ಎಂಬ ಪದ ಸೇರಿಸಿದವಳು ನಾನು. ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ, ಅದಕ್ಕೇ ಅಷ್ಟು ಬಿಗಿಯಾಗಿ ಬರೆದೆ.

ನಿಮ್ಮ ಪತ್ರ ಬಂದರೆ ಮಧ್ಯಾಹ್ನ ಊಟದ ಹೊತ್ತಿಗೆಂದು ತೆಗೆದಿಡುತ್ತೇನೆ. ಇದನ್ನು ಬರೆಯುವುದು ಸಲಿಗೆಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಗೋದಾಬಾಯಿಯವರ ಅನ್ನ ಸರಿಯಾಯಿತೇ?

ನಿರೀಕ್ಷಾ

*

ಮೆಹದಿಪಟ್ಟಣಂ
೧೦ ನವೆಂಬರ್ ೨೦೨೫

ಚಿ. ನಿರೀಕ್ಷಾಗೆ,

ನೀವು ಗೀವು ಎಲ್ಲ ಬಿಟ್ಟಿದ್ದೇನೆ, ನನ್ನ ವಿದ್ಯಾರ್ಥಿನಿಯರೇ ನಿನಗಿಂತ ದೊಡ್ಡವರಿದ್ದಾರೆ. ಆ ಪತ್ರದ ನಂತರ ನಾನು ಒಂದು ದಿನವೂ ನೋಡದೆ ಒತ್ತಿಲ್ಲ. ಮೈ ಬೆಚ್ಚಗಾದ ದಿನವೂ ಶಾಲು ಹೊದ್ದು ಪಕ್ಕದ ಮನೆಗೆ ಹೋಗಿ ನೋಡಿ ಬಂದೆ.

ಮನೆಯಲ್ಲಿ ಈಗ ಮದುವೆಯ ಮಾತು. ಸೂರ್ಯಕಾಂತನ ಮಗಳು ಕೋಕಿಲಾಳದು, ಬೀದರಿನಲ್ಲಿ, ಡಿಸೆಂಬರ್ ಐದು ಶುಕ್ರವಾರ. ಈ ಲಗ್ನ ಹೋದ ವರ್ಷವೇ ಆಗಬೇಕಿತ್ತು. ಗಂಡಿನ ಅಜ್ಜ ತೀರಿಹೋದರು, ವರ್ಷ ತುಂಬುವತನಕ ಶುಭಕಾರ್ಯವಿಲ್ಲ ಎಂದು ನಿಂತಿತು. ಹುಡುಗಿಗೆ ಮೂವತ್ತು ಆಯಿತು. ಹೆಣ್ಣಿನ ಕಡೆ ಏನಾದರೂ ಆದರೆ ಮತ್ತೆ ಒಂದು ವರ್ಷ, ಗಂಡಿನವರು ಎರಡನೇ ಸಲ ಕಾಯುವುದಿಲ್ಲವೆಂದು ಬಾಯಿ ಬಿಟ್ಟು ಹೇಳಿದ್ದಾರೆ.

ಗೋದಕ್ಕ ಇತ್ತೀಚೆಗೆ ಊಟ ಕಡಿಮೆ ಮಾಡಿದ್ದಾರೆ. ಜಗಳವೂ ಕಡಿಮೆಯಾಗಿದೆ, ಅದೇ ನನಗೆ ಹೆಚ್ಚು ಹೆದರಿಕೆ. ನಿನ್ನೆ ವಿಜಯಕುಮಾರ, ಯಾದಮ್ಮ, ನಾನು ಮೂವರೂ ಇದ್ದಾಗ ಹತ್ತಿರ ಕರೆದು ನಮ್ಮ ಕೈ ಹಿಡಿದುಕೊಂಡರು. "ನಾ ಹ್ವಾದ್ರ ಸೂರ್ಯಾಗ ಹೇಳಬ್ಯಾಡ್ರಿ. ಕೂಸಿನ ಮ್ಯಾಲ ಅಕ್ಕಿಕಾಳು ಬೀಳೂತನಕ ಯಾರ ಬಾಯಿಂದನೂ ಬರಬಾರದು. ಕೈ ಮ್ಯಾಲ ಕೈ ಹಾಕ್ರಿ" ಅಂದರು. ನಾನು ನಕ್ಕು ಮಾತು ತಪ್ಪಿಸಲು ನೋಡಿದೆ, ಬಿಡಲಿಲ್ಲ. ಮೂವರೂ ಹಾಕಿದೆವು.

ನಮ್ಮವರಲ್ಲಿ ಇದು ಇದೆ. ಸಾವಿನ ಸುದ್ದಿ ಕಿವಿಗೆ ಬಿದ್ದಮೇಲೆಯೇ ಸೂತಕ. ಹಾಗಾಗಿ ಅರಿಶಿಣ ಹಚ್ಚಿದ ಮನೆಗೆ ಸುದ್ದಿ ಮುಟ್ಟಿಸುವುದಿಲ್ಲ. ನನ್ನ ಮದುವೆಯ ದಿನ ನಮ್ಮ ಕಾಕಾ ತೀರಿಹೋಗಿದ್ದರು. ಊರಿಂದ ಬಂದವನು ನಮ್ಮ ಅಪ್ಪನಿಗೆ ಹೇಳಿದ್ದು "ಹಂಗ ಐತಿ, ನೀವು ಕಾರ್ಯ ಮುಗಿಸ್ಕೊಂಡು ಬರ್ರಿ" ಎಂದಷ್ಟೇ. ಅಪ್ಪ ಮತ್ತೆ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದು ಧಾರೆಗೆ ಕೂತರು. ಕೆಲವು ಹೊತ್ತಿನಲ್ಲಿ ಹೇಳುವವರೂ ಸುಳ್ಳು ಹೇಳಿರುವುದಿಲ್ಲ, ಕೇಳಿದವರೂ ಮೋಸ ಹೋಗಿರುವುದಿಲ್ಲ. ನಿನ್ನ ಏಜೆಂಟಿಗೆ ಇಂಥದ್ದು ತಿಳಿಯುತ್ತದೆಯೇ? ಸುಮ್ಮನೆ ಕೇಳಿದೆ.

ಶಾರದಾಬಾಯಿ

*

ಹುಬ್ಬಳ್ಳಿ
೧೩ ನವೆಂಬರ್ ೨೦೨೫

ಟೀಚರ್,

ನೀವು ಸುಮ್ಮನೆ ಕೇಳಿದ್ದಕ್ಕೂ ನಾನು ಸರಿಯಾದ ಉತ್ತರವನ್ನೇ ಕೊಡಬೇಕು. ಅದಕ್ಕೆ ಹೌದು, ಇಲ್ಲ ಎರಡೇ ತಿಳಿಯುತ್ತದೆ. 'ಹಂಗ ಐತಿ' ಎಂಬ ಉತ್ತರವಿಲ್ಲ. ಇಲ್ಲ ಎಂದು ದಾಖಲಾದ ಕೆಲವೇ ನಿಮಿಷಗಳಲ್ಲಿ ಬಂಧುಗಳೆಲ್ಲರಿಗೂ ಸುದ್ದಿ ಹೋಗುತ್ತದೆ, ಅದನ್ನು ನಾನು ತಡೆಯಲಾರೆ.

ಆದರೆ ಈಗಲೇ ಅದನ್ನೆಲ್ಲ ಯಾಕೆ ಯೋಚಿಸುತ್ತೀರಿ? ಕಳೆದ ವಾರದ ಡಾಕ್ಟರ ವರದಿ ನೋಡಿದೆ, ಗಾಬರಿಯಾಗುವಂಥದ್ದು ಏನೂ ಇಲ್ಲ. ವಯಸ್ಸಾದವರು ಹಾಗೆ ಮಾತಾಡುತ್ತಾರೆ. ಮದುವೆಯ ಹೋಳಿಗೆಗೂ ತುಪ್ಪ ಸಾಲದೆಂದು ಅವರು ಜಗಳ ಮಾಡುತ್ತಾರೆ, ನೀವು ನನಗೆ ಬರೆಯುತ್ತೀರಿ. ಮತ್ತೆ ನಿಮ್ಮ ಬಾಯಿಂದ ಸುಳ್ಳು ಬರುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ಇಷ್ಟು ಸಾಕ್ಷಿಗಳ ನಡುವೆ ನಾನು ಎರಡನೇ ಸಲ ನೋಡದೆ ಮುಂದೆ ಕಳಿಸುವುದು ನಿಮ್ಮ ಉತ್ತರವನ್ನು ಮಾತ್ರ.

ನಿರೀಕ್ಷಾ

*

ಮೆಹದಿಪಟ್ಟಣಂ
೪ ಡಿಸೆಂಬರ್ ೨೦೨೫, ಗುರುವಾರ

ಮಾನ್ಯರೆ,

ಇಂದಿನ ಪ್ರಶ್ನೆಗೆ ನಾವು ಮೂವರೂ ಉತ್ತರಿಸಿದ್ದೇವೆ. ತಮ್ಮ ಕಡೆಯಿಂದ ಬೇರೇನೂ ಬೇಕಾಗಿಲ್ಲ ಎಂದು ಭಾವಿಸುತ್ತೇನೆ. ನಾನು ಇಂದು ಮಧ್ಯಾಹ್ನ ಬೀದರಿಗೆ ಹೊರಟಿದ್ದೇನೆ.

ಶಾರದಾಬಾಯಿ

*

ಹುಬ್ಬಳ್ಳಿ
೫ ಡಿಸೆಂಬರ್ ೨೦೨೫

ಟೀಚರ್,

ಮದುವೆಯ ಗಡಿಬಿಡಿಯಲ್ಲಿ ನಾನು ಮತ್ತೆ 'ಮಾನ್ಯರೆ' ಆಗಿಬಿಟ್ಟೆ. ಪರವಾಗಿಲ್ಲ.

ನಿನ್ನೆಯ ಉತ್ತರಗಳನ್ನು ನೋಡಿ ಖುಷಿಯಾಯಿತು. ಯಾವಾಗಲೂ ಯಾದಮ್ಮನದು ಬೆಳಿಗ್ಗೆ, ನಿಮ್ಮದು ಚಹಾ ಆದ ಮೇಲೆ, ವಿಜಯಕುಮಾರ ಅವರದು ಕೆಲಸದಿಂದ ಬಂದ ಮೇಲೆ. ನಿನ್ನೆ ಮೂರೂ ಒಂದೇ ಸ್ಥಳದಿಂದ, ಒಂದರ ಹಿಂದೆ ಒಂದು ಬಂದವು. ಎಲ್ಲರೂ ಅಜ್ಜಿಯ ಸುತ್ತ ಸೇರಿ ಮದುವೆಗೆ ಹೊರಡುವ ತಯಾರಿ ಮಾಡುತ್ತಿದ್ದೀರಿ ಎಂದುಕೊಂಡೆ. ಗೋದಾಬಾಯಿಯವರ ದಾಖಲೆ ಈಗ ನಮ್ಮಲ್ಲಿ ಅತ್ಯಂತ ನಂಬಿಕೆಯ ದಾಖಲೆಗಳ ಸಾಲಿನಲ್ಲಿದೆ. ಹೊಸಬರಿಗೆ ಕಲಿಸುವಾಗ ಇದನ್ನೇ ತೋರಿಸಬೇಕೆಂದಿದ್ದೇನೆ.

ಮದುವೆ ಹೇಗಾಯಿತು, ಬರೆಯಿರಿ.

ನಿರೀಕ್ಷಾ

*

ಮೆಹದಿಪಟ್ಟಣಂ
೮ ಡಿಸೆಂಬರ್ ೨೦೨೫

ನಿರೀಕ್ಷಾ,

ಗೋದಕ್ಕ ಹೋದ ಸೋಮವಾರ ತೀರಿಕೊಂಡರು. ಅವತ್ತು ಬೆಳಿಗ್ಗೆ ಯಾದಮ್ಮ ಮತ್ತು ನಾನು ಕೊಟ್ಟ ಉತ್ತರ ಸತ್ಯ. ಮಧ್ಯಾಹ್ನ ಹೋದರು. ಗುರುವಾರ ಕೊಟ್ಟದ್ದು ಸುಳ್ಳು. ಮೂವರೂ ಗೊತ್ತಿದ್ದೇ ಸುಳ್ಳು ಹೇಳಿದೆವು.

ವಿಜಯಕುಮಾರ ಅವತ್ತು ಸಂಜೆಯೇ ಸ್ಮಶಾನಕ್ಕೆ ಒಯ್ದು ಕಾರ್ಯ ಮುಗಿಸಿದ. ಕೊಳ್ಳಿ ಇಡುವ ಹಕ್ಕು ದೊಡ್ಡ ಮಗನದು. ಅದು ಗೊತ್ತಿದ್ದೂ ಅವನೇ ಇಟ್ಟ. ಅಣ್ಣನಿಗೆ ಫೋನ್ ಮಾಡಿ, ಅವ್ವನಿಗೆ ಜ್ವರ, ತನಗೂ ಅನುರಾಧಾಳಿಗೂ ಲಗ್ನಕ್ಕೆ ಬರಲಾಗುವುದಿಲ್ಲ ಎಂದಷ್ಟೇ ಹೇಳಿದ. ಅಷ್ಟು ಸಾಕಾಗಿತ್ತು. ತಮ್ಮನೇ ಮದುವೆಗೆ ಬರುವುದಿಲ್ಲ ಎಂದರೆ ಏನೆಂದು ಯಾರಿಗೆ ತಿಳಿಯುವುದಿಲ್ಲ? ಸೂರ್ಯಕಾಂತ "ಹೂಂ" ಎಂದು ಫೋನ್ ಇಟ್ಟನಂತೆ. ಅವನಿಗೆ ಮುಕ್ಕಾಲು ಪಾಲು ತಿಳಿದಿತ್ತು.

ಗುರುವಾರ ನಿಮ್ಮ ಪ್ರಶ್ನೆ ಬಂತು. ಯಾರಿಗೂ ಒಬ್ಬರೇ ಒತ್ತುವ ಧೈರ್ಯವಿರಲಿಲ್ಲ, ನನ್ನ ಅಡುಗೆಮನೆಯಲ್ಲಿ ಸೇರಿದೆವು. ಇಲ್ಲ ಎಂದರೆ ಬೀದರಿಗೆ ಸುದ್ದಿ. ಸುಮ್ಮನಿದ್ದರೂ ಸುದ್ದಿ. ಯಾದಮ್ಮ ಇದು ಪಾಪ ಎಂದು ಅತ್ತಳು, ಕೈ ಮೇಲೆ ಕೈ ಹಾಕಿದ್ದನ್ನು ನೆನೆದು ಅವಳೇ ಮೊದಲು ಒತ್ತಿದಳು. ಆಮೇಲೆ ಬಂದ ಸಂಬಳವನ್ನು ಅವಳು ಮುಟ್ಟಿಲ್ಲ. ವಿಜಯಕುಮಾರ ಒತ್ತಿದ. ನಾನು ಕೊನೆಗೆ. ಕಣ್ಣಾರೆ ಎಂಬ ಪದದ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದೆ. ನಿನ್ನ ನೆನಪಾಯಿತು. ಆದರೂ ಒತ್ತಿದೆ.

ನನಗೆ ಸೂತಕವಿಲ್ಲವಲ್ಲ, ಗೋದಕ್ಕ ಮೊಮ್ಮಗಳಿಗೆಂದು ಎತ್ತಿಟ್ಟಿದ್ದ ಸೀರೆ ತೆಗೆದುಕೊಂಡು ಮದುವೆಗೆ ಹೋದೆ. ಕಲ್ಯಾಣ ಮಂಟಪದ ಬಾಗಿಲಲ್ಲೇ ಸೂರ್ಯಕಾಂತ ಎದುರಾದ. ಅವನನ್ನು ಹೇಗೆ ನೋಡುವುದೆಂದು ದಾರಿಯುದ್ದಕ್ಕೂ ಹೆದರಿದ್ದೆ. ಅವನು ನಗುತ್ತಿದ್ದ. "ವಿಜಯಾ ಬರಂಗಿಲ್ಲ ಅಂದಾಗ ನನ್ನ ಎದಿ ಒಡದಿತ್ತು ಅಕ್ಕೋರ. ನಿನ್ನೆ ಇದು ಬಂತು ನೋಡ್ರಿ" ಎಂದು ಫೋನ್ ನನ್ನ ಮುಖಕ್ಕೆ ಹಿಡಿದ. 'ಗೋದಾಬಾಯಿಯವರು ಕ್ಷೇಮ. ಇಂದು ಮೂವರು ಕಣ್ಣಾರೆ ನೋಡಿ ದೃಢಪಡಿಸಿದ್ದಾರೆ.' ಕೆಳಗೆ ನಮ್ಮ ಮೂವರ ಹೆಸರು. ಅದನ್ನು ಬೀಗರಿಗೂ ತೋರಿಸಿದ. ಧಾರೆಗೆ ಮುಂಚೆ ಆ ಫೋನನ್ನು ಕಣ್ಣಿಗೆ ಒತ್ತಿಕೊಂಡು ಅವ್ವನ ಆಶೀರ್ವಾದ ಎಂದ. ನಾನು ಪಕ್ಕದಲ್ಲೇ ನಿಂತಿದ್ದೆ.

ಲಗ್ನ ಚೆನ್ನಾಗಿ ಆಯಿತು. ಕೋಕಿಲಾ ಗಂಡನ ಮನೆಗೆ ಹೋದಳು. ಶನಿವಾರ ವಿಜಯಕುಮಾರ ಅಣ್ಣನನ್ನು ಬರಹೇಳಿದ. ಮದುವೆಯ ಬುತ್ತಿ ಹಿಡಿದು ಕಾರಿನಿಂದ ಇಳಿದವನು ತಮ್ಮನ ಬೋಳುತಲೆ ನೋಡಿ ಅಲ್ಲೇ ನಿಂತ. ತಮ್ಮನನ್ನು ಬೈಯಲಿಲ್ಲ. "ನೀ ಜ್ವರ ಅಂದಿದ್ದಿ. ನನಗ ತಿಳಿದಿತ್ತು. ಅವರು ಕ್ಷೇಮ ಅಂದ್ರು" ಎಂದಷ್ಟೇ ಹೇಳಿದ. ಅವನು ಅಳುತ್ತಲೂ ಇಲ್ಲ, ನನ್ನ ಹತ್ತಿರ ಮಾತಾಡುತ್ತಲೂ ಇಲ್ಲ. ನಾನು ಕೊಟ್ಟ ಚಹಾ ಹಾಗೇ ಇರುತ್ತದೆ.

ನಿನಗೆ ಏನು ಮಾಡಬೇಕೋ ಮಾಡು. ಬಚ್ಚಿಡು ಎಂದು ನಾನು ಕೇಳುವುದಿಲ್ಲ.

ಶಾರದಾಬಾಯಿ

*

ಹುಬ್ಬಳ್ಳಿ
೧೦ ಡಿಸೆಂಬರ್ ೨೦೨೫

ಟೀಚರ್,

ನನಗೆ ಸಿಟ್ಟು ಬಂದಿದೆ. ಎರಡು ದಿನ ಬರೆಯದೆ ಇದ್ದದ್ದು ಅದಕ್ಕೇ. ನೀವು ನವೆಂಬರಿನಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದಿರಿ, ನಾನು ಅದನ್ನು ವಯಸ್ಸಾದವರ ಮಾತು ಎಂದು ಸರಿಸಿದೆ. ಮೂರು ಉತ್ತರ ಒಂದೇ ಅಡುಗೆಮನೆಯಿಂದ ಬಂದಾಗ ಅನುಮಾನ ಪಡಬೇಕಾದವಳು ಸಂತೋಷಪಟ್ಟೆ. ಬೇರೆ ಯಾರ ದಾಖಲೆಯಾಗಿದ್ದರೂ ಅಂದೇ ತಡೆಹಿಡಿಯುತ್ತಿದ್ದೆ. ಹಾಗಾಗಿ ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗುತ್ತಿಲ್ಲ.

ನಿಮ್ಮ ಪತ್ರವನ್ನು ಬಂದ ದಿನವೇ ಮೇಲಿನವರಿಗೆ ಕೊಟ್ಟಿದ್ದೇನೆ, ಸೋಮವಾರದ ಪ್ರಶ್ನೆಯನ್ನೂ ಪಾವತಿಯನ್ನೂ ಅವರು ಅಲ್ಲೇ ತಡೆಹಿಡಿದರು. ಗುರುವಾರದ ಹೌದು ಅಳಿಸುವುದಿಲ್ಲ, ಅಳಿಸಲು ಆಗುವುದೂ ಇಲ್ಲ. ಅದರ ಮುಂದೆ ತಿದ್ದುಪಡಿ ಸೇರಿಸುತ್ತೇವೆ. ನಿಮ್ಮ ಮೂವರ ಹೆಸರನ್ನು ಸಾಕ್ಷಿಗಳಿಂದ ತೆಗೆಯಲಾಗಿದೆ. ಯಾದಮ್ಮನಿಗೆ ಬೇರೆ ಮನೆಯ ಕೆಲಸ ತಪ್ಪದಂತೆ ನಾನು ಬರೆದುಕೊಟ್ಟಿದ್ದೇನೆ, ಅದನ್ನು ಒಪ್ಪಿದ್ದಾರೆ. ಎರಡೇ ಉತ್ತರವಿರುವ ಪ್ರಶ್ನೆ ಸಾಲದು ಎಂದೂ ಬರೆದೆ. ಅದಕ್ಕೆ ಯಾರೂ ಏನೂ ಹೇಳಿಲ್ಲ.

ಇನ್ನೊಂದು ವಿಷಯ ನಿಮಗೆ ತಿಳಿಸಬಾರದು, ಆದರೂ ತಿಳಿಸುತ್ತಿದ್ದೇನೆ. ತಿದ್ದುಪಡಿ ದಾಖಲಾದ ಕೂಡಲೇ ಏಜೆಂಟ್ ತನ್ನಷ್ಟಕ್ಕೆ ಬಂಧುಗಳಿಗೆ ಸುದ್ದಿ ಕಳಿಸುತ್ತದೆ. ಸೂರ್ಯಕಾಂತ ಅವರಿಗೆ ಮೊದಲು. ಅವರಿಗೆ ಆಗಲೇ ಗೊತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಅದು ದಾಖಲಾಗುವುದು ಶನಿವಾರ ಮಧ್ಯಾಹ್ನ. ಅದು ಹದಿಮೂರನೆಯ ದಿನ ಎಂದು ಲೆಕ್ಕ ಹಾಕಿ, ದಿನ ಬದಲಿಸಲು ಕೇಳಿಕೊಂಡೆ, ಆಗಲಿಲ್ಲ. ಅವರು ಮಾತಾಡಲಿ, ಬಿಡಲಿ, ಆ ಹೊತ್ತಿನಲ್ಲಿ ನೀವು ಅವರ ಹತ್ತಿರ ಇರಿ. ನನ್ನ ಕೈಲಾಗುವುದು ಇಷ್ಟೇ.

ನಿರೀಕ್ಷಾ

*

ಮೆಹದಿಪಟ್ಟಣಂ
೧೪ ಡಿಸೆಂಬರ್ ೨೦೨೫

ನಿರೀಕ್ಷಾ,

ನೀನು ಹೇಳಿದಂತೆ ನಿನ್ನೆ ಬೆಳಗಿನಿಂದ ಅವರ ಮನೆಯಲ್ಲೇ ಇದ್ದೆ. ಕಾರ್ಯ ಮುಗಿದು, ಬಂದವರ ಪಂಕ್ತಿ ಎದ್ದು, ಎಲೆ ತೆಗೆಯುತ್ತಿದ್ದರು. ಸೂರ್ಯಕಾಂತ ಹೊರಗಿನ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ನಾನು ಹೋಗಿ ಸ್ವಲ್ಪ ದೂರದಲ್ಲಿ ಕೂತೆ. ಅವನು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಫೋನ್ ಸದ್ದಾಯಿತು. ತೆಗೆದು ಓದಿದ. ಮತ್ತೊಮ್ಮೆ ಓದಿದ. ಒಳಗಿದ್ದ ವಿಜಯಕುಮಾರನ ಫೋನೂ, ಅನುರಾಧಾಳದೂ, ಬಂದ ನೆಂಟರಲ್ಲಿ ಕೆಲವರದೂ ಸದ್ದಾದವು. ಎಲ್ಲರೂ ಓದಿಕೊಂಡು ಫೋನ್ ಒಳಗಿಟ್ಟರು. ನಾನು ಇಲ್ಲಿ ಕೂತಿರುವುದು ಯಾಕೆಂದು ಅವನಿಗೆ ಗೊತ್ತಾಗಿರಬೇಕು. ಬಂದಾಗಿನಿಂದ ಮೊದಲ ಸಲ ನನ್ನ ಹತ್ತಿರ ಮಾತಾಡಿದ.

"ಈಗ ಖರೇ ಹೇಳಾಕತ್ತೈತಿ ಇದು. ಅವತ್ತೂ ಹಿಂಗ ಹೇಳಿತ್ತು. ನನಗ ಎರಡರಾಗ ಫರಕ್ ತಿಳೀವಲ್ದು ಅಕ್ಕೋರ" ಅಂದ.

ನಾನು ತಪ್ಪಾಯಿತು ಎಂದೆ. ಅದನ್ನು ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. "ಲಗ್ನದಾಗ ನೀವು ನನ್ನ ಎದುರಿಗೇ ನಿಂತಿದ್ರಿ. ನಿಮ್ಮ ಮುಖಾ ನೋಡಿದ್ರ ನನಗ ತಿಳೀತಿತ್ತು. ನಾ ಫೋನ್ ನೋಡಿದೆ" ಅಂದ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆಮೇಲೆ ಫೋನನ್ನು ಅಂಗಿಯ ಕಿಸೆಗೆ ಹಾಕಿ ನನ್ನ ಕಡೆ ಪೂರಾ ತಿರುಗಿ ಕೂತ. ಅವ್ವ ಹೇಗೆ ಹೋದಳು ಎಂದು ಕೇಳಿದ. ತಮ್ಮ ಆಗ ಕೆಲಸದಲ್ಲಿದ್ದ, ಅನುರಾಧಾ ಬ್ಯಾಂಕಿನಲ್ಲಿದ್ದಳು, ಅಲ್ಲಿ ಇದ್ದವರು ಯಾದಮ್ಮ ಮತ್ತು ನಾನು ಎಂಬುದು ಅವನಿಗೆ ಗೊತ್ತಿತ್ತು. ನಾನು ಎಲ್ಲವನ್ನೂ ಹೇಳಿದೆ. ಎರಡು ತುತ್ತು ಮೊಸರನ್ನ ತಿಂದದ್ದು, ತಲೆ ಬಾಚು ಎಂದು ಯಾದಮ್ಮನಿಗೆ ಹೇಳಿ ಅವಳ ಮುಂದೆ ಕೂತದ್ದು, ಬಾಚುತ್ತಿರುವಾಗಲೇ ಹಿಂದಕ್ಕೆ ಅವಳ ಮೇಲೆ ಒರಗಿದ್ದು. ನೋವು ಪಡಲಿಲ್ಲ, ಡಾಕ್ಟರು ಬರುವಷ್ಟೂ ಹೊತ್ತಿರಲಿಲ್ಲ. ಅವನು ನಡುವೆ ಬಾಯಿ ಹಾಕದೆ ಕೇಳಿದ.

ಕೊನೆಗೆ ಒಂದು ಪ್ರಶ್ನೆ ಕೇಳಿದ. "ನನ್ನ ಹೆಸರು ಹಿಡದ್ಲಾ?"

ನಿರೀಕ್ಷಾ, ಅದಕ್ಕೂ ಎರಡೇ ಉತ್ತರ ಇದ್ದವು. ಹೌದು ಎಂದರೆ ಯಾರಿಗೂ ನಷ್ಟವಿರಲಿಲ್ಲ. ಯಾದಮ್ಮ ನನ್ನ ಮಾತನ್ನು ಅಲ್ಲಗಳೆಯುತ್ತಿರಲಿಲ್ಲ. ಅವನ ಉಳಿದ ಆಯುಷ್ಯಕ್ಕೆ ಅದು ಸಾಕಾಗುತ್ತಿತ್ತು. ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಇಲ್ಲಪ್ಪಾ" ಅಂದೆ. "ಹಣಗಿ ಭಾಳ ಜೋರು ಆಡಸ್ತಿ ಅಂತ ಯಾದಮ್ಮಗ ಬೈದ್ರು. ಅದ ಕಡೀ ಮಾತು."

ಅವನು ಬಹಳ ಹೊತ್ತು ಹಾಗೇ ನೋಡಿದ. ಆಮೇಲೆ ಹೌದೆಂಬಂತೆ ತಲೆಯಾಡಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದ. ಒಳಗಿಂದ ವಿಜಯಕುಮಾರ ಓಡಿ ಬಂದ. ನಾನು ಜಾಗ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ಕೂತೆ.

ಶಾರದಾಬಾಯಿ